ಮೊದಲು ಮಾತಾಡುವ ಕುರ್ಚಿ

ಆ ಡಿಪೋದಲ್ಲಿ ಬಸ್ಸಿನ ಚಕ್ರ ತಿರುಗುತ್ತಿತ್ತು, ಚಾಲಕರ ಪಾಳಿ ತಿರುಗುತ್ತಿತ್ತು, ಕ್ಯಾಂಟೀನಿನ ಫ್ಯಾನು ಕೂಡ ಮನಸ್ಸು ಬಂದರೆ ತಿರುಗುತ್ತಿತ್ತು. ಇಸ್ಪೀಟಿನ ಸರದಿ ಮಾತ್ರ ಮೂವತ್ತೊಂದು ವರ್ಷದಿಂದ ತಿರುಗಿರಲಿಲ್ಲ. ಇಂಥದ್ದೊಂದು ಮೂರ್ಖತನವನ್ನು ನಾನಂತೂ ಬೇರೆಲ್ಲೂ ಕಂಡಿಲ್ಲ.

ಹಿಂದೆ ವರ್ಷಕ್ಕೊಮ್ಮೆ ರೂಟು ಹಂಚುವ ದಿನ ಅಲ್ಲಿ ಜಗಳ ಗ್ಯಾರಂಟಿ. ಒಂದು ವರ್ಷ ಯಾರದೋ ಹಲ್ಲು ಉದುರಿತು. ಆಗಿದ್ದ ಕಂಟ್ರೋಲರ್, ‘ಇನ್ನು ನಿಮ್ಮ ಹಣೆಬರಹ ಎಲೆ ತೀರ್ಮಾನ ಮಾಡಲಿ’ ಅಂತ ಎಲ್ಲರನ್ನೂ ಕೂರಿಸಿ ಪೋಕರ್ ಕಲಿಸಿದ. ಒಬ್ಬೊಬ್ಬರಿಗೆ ಎರಡೆರಡು ಮುಚ್ಚಿದ ಎಲೆ. ಮೇಜಿನ ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಮೂರು ಬಿಚ್ಚಬೇಕು, ಆಮೇಲೆ ಒಂದು, ಆಮೇಲೆ ಕೊನೆಯದು. ಪ್ರತಿ ಸಲ ಬಿಚ್ಚಿದಾಗಲೂ ಪಂದ್ಯ. ಕೈಯೆಲೆ, ಮೇಜಿನ ಎಲೆ ಸೇರಿ ಒಂದೇ ಥರದ ಎಲೆ ಯಾರಿಗೆ ಹೆಚ್ಚೋ, ಇಲ್ಲವೇ ಯಾರ ಜೋಡಿ ದೊಡ್ಡದೋ, ನಡುವಿನ ರಾಶಿ ಅವರದ್ದು. ಪಂದ್ಯಕ್ಕೆ ಟಿಕೆಟ್ಟಿನ ಬದಲು ಹಿತ್ತಾಳೆ ಬಿಲ್ಲೆ ಕೊಡುತ್ತಿದ್ದ ಕಾಲದ ಟೋಕನ್ನುಗಳು, ತಲೆಗೆ ಐವತ್ತು. ಕೊನೆಯವರೆಗೆ ಉಳಿದವರಿಗೆ ರೂಟಿನ ಮೊದಲ ಆಯ್ಕೆ. ಎಲ್ಲಾ ಸರಿಯಾಗೇ ಕಲಿಸಿದ ಪುಣ್ಯಾತ್ಮ ಒಂದನ್ನು ಮಾತ್ರ ಮರೆತ. ಬೇರೆ ಕಡೆ ಪ್ರತಿ ಆಟಕ್ಕೂ ಸರದಿ ಒಂದೊಂದು ಕುರ್ಚಿ ಮುಂದಕ್ಕೆ ಹೋಗುತ್ತದೆ. ಈಗ ಮೊದಲು ಮಾತಾಡಿದವನಿಗೆ ಮುಂದೊಮ್ಮೆ ಕೊನೆಗೆ ಮಾತಾಡುವ ಭಾಗ್ಯ ಸಿಗುತ್ತದೆ. ಇಲ್ಲಿ ಹಾಗಿಲ್ಲ. ಎಲೆ ಹಂಚುವ ಕಂಟ್ರೋಲರನ ಎಡಗಡೆ ಎಲ್ಲರಿಗಿಂತ ಕಿರಿಯರು, ಬಲಗಡೆ ಎಲ್ಲರಿಗಿಂತ ಹಿರಿಯರು. ಕಿರಿಯರು ಮೊದಲು ಮಾತಾಡಬೇಕು, ಹಿರಿಯರು ಎಲ್ಲರ ಮಾತು ಕೇಳಿಸಿಕೊಂಡು ಆರಾಮಾಗಿ ಕೊನೆಗೆ. ಇದನ್ನು ಯಾರೂ ಅನ್ಯಾಯ ಅನ್ನಲಿಲ್ಲ. ಮರ್ಯಾದೆ ಅಂದರು!

ಈ ವರ್ಷ ಕಂಟ್ರೋಲರನ ಎಡಗಡೆ ಕೂರಬೇಕಾದವಳು ಸೊಸೆ.

ಸೊಸೆ ಅಂದರೆ ಡಿಪೋದವರ ಲೆಕ್ಕದಲ್ಲೂ ಸೊಸೆಯೇ. ಇಪ್ಪತ್ತಾರು ವರ್ಷ ಅಲ್ಲಿ ಬಸ್ಸು ಓಡಿಸಿದ ಹೆಂಗಸಿನ ಸೊಸೆ. ಎಂಟು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅತ್ತೆ ಸ್ಟೇರಿಂಗ್ ಹಿಡಿಯಲು ಹೋದಾಗ ಬಲಗೈ ಏಳಲಿಲ್ಲ. ಪಾರ್ಶ್ವವಾಯು. ಪ್ರಾಣ ಉಳಿಯಿತು, ಮಾತು ಉಳಿಯಿತು (ಅದಕ್ಕೇನೂ ಆಗುವ ಹಾಗಿರಲಿಲ್ಲ ಬಿಡಿ), ಬಲಗಾಲು ಸ್ವಲ್ಪ ಎಳೆಯುತ್ತಿತ್ತು, ಬಲಗೈ ಮಾತ್ರ ಮಡಿಲಲ್ಲಿ ಬಿದ್ದುಕೊಂಡಿತು. ಶಾಲೆಯ ವ್ಯಾನು ಓಡಿಸುತ್ತಿದ್ದ ಸೊಸೆಯನ್ನು ಡಿಪೋ ಅತ್ತೆಯ ಜಾಗಕ್ಕೆ ತೆಗೆದುಕೊಂಡಿತು. ಗಂಡ ವಿದ್ಯುತ್ ಗೋಪುರ ನಿಲ್ಲಿಸುವ ಕೆಲಸಗಾರ. ತಿಂಗಳಿಗೆ ನಾಲ್ಕು ದಿನ ಮನೆಯಲ್ಲಿದ್ದರೆ ಹೆಚ್ಚು. ಉಳಿದ ದಿನ ಮೂರನೇ ಮಹಡಿಯ ಆ ಮನೆಯಲ್ಲಿ ಅತ್ತೆ, ಸೊಸೆ, ಇಬ್ಬರೇ.

ಕೈಗೆ ವ್ಯಾಯಾಮ ಮಾಡಿಸುವ ಕೇಂದ್ರ ಮಧ್ಯಾಹ್ನ ಎರಡರಿಂದ ನಾಲ್ಕು ಮಾತ್ರ ತೆರೆದಿರುತ್ತಿತ್ತು, ಭಾನುವಾರ ರಜೆ. ಅಲ್ಲಿನ ಡಾಕ್ಟರಮ್ಮ ಮುಖಕ್ಕೆ ಹೊಡೆದ ಹಾಗೆ ಹೇಳಿಬಿಟ್ಟಿದ್ದರು: “ದಿನಾ ಕರ್ಕೊಂಡು ಬಂದ್ರೆ ಒಂದು ವರ್ಷದಲ್ಲಿ ಕೈ ಬರುತ್ತೆ. ವಾರಕ್ಕೊಂದು ಸಲ ಬಂದ್ರೆ ನನ್ನ ಟೈಮೂ ದಂಡ, ನಿಮ್ದೂ ದಂಡ. ಬೆರಳು ಹೀಗೇ ಸೆಟೆದುಕೊಂಡು ನಿಂತುಬಿಡುತ್ತೆ.” ಸೊಸೆಯ ರೂಟು ಮುಗಿಯುವುದು ಸಂಜೆ ಆರಕ್ಕೆ. ಮೂರು ಮಹಡಿ ಮೆಟ್ಟಿಲು ಅತ್ತೆ ಒಬ್ಬಳೇ ಇಳಿಯುವ ಹಾಗಿಲ್ಲ. ಡಿಪೋದ ಹನ್ನೊಂದು ರೂಟುಗಳಲ್ಲಿ ಮಧ್ಯಾಹ್ನ ಒಂದೂವರೆಗೆ ಮುಗಿಯುವುದು ಒಂದೇ ಒಂದು, ನಾಲ್ಕನೇ ನಂಬರು. ಅದನ್ನು ಇಪ್ಪತ್ತು ವರ್ಷದಿಂದ ಒಬ್ಬನೇ ಹಿಡಿದುಕೊಂಡಿದ್ದ.

ಅವನನ್ನು ಎಲ್ಲರೂ ಸೈಲೆನ್ಸರ್ ಅನ್ನುತ್ತಿದ್ದರು. ಮೆತ್ತಗೆ ಮಾತಾಡುವವನು ಅಂತಲ್ಲ. ಬಾಯಿ ಬಿಟ್ಟರೆ ಸೈಲೆನ್ಸರ್ ಒಡೆದ ಬಸ್ಸು! ಡಿಪೋದಲ್ಲಿ ಈಗ ಅವನೇ ಎಲ್ಲರಿಗಿಂತ ಹಿರಿಯ. ಅತ್ತೆಗಿಂತ ಆರು ತಿಂಗಳು ಮೊದಲು ಕೆಲಸಕ್ಕೆ ಸೇರಿದವನು. ಆ ಆರು ತಿಂಗಳಿಗೋಸ್ಕರ ಅತ್ತೆ ಇಪ್ಪತ್ತಾರು ವರ್ಷವೂ ಅವನಿಗಿಂತ ಮುಂಚೆ ಮಾತಾಡಬೇಕಾಗಿ ಬಂದಿತ್ತು.

“ಅದಕ್ಕೇನೀಗ?” ಅಂದಳು ಅತ್ತೆ, ರೂಟು ಹಂಚುವ ಭಾನುವಾರಕ್ಕೆ ಇನ್ನು ಎರಡು ತಿಂಗಳಿದೆ ಅನ್ನುವಾಗ. ಅಡುಗೆಮನೆಯ ಮೇಜಿನ ಮೇಲೆ ಇಸ್ಪೀಟು ಇಟ್ಟುಕೊಂಡು, ಎಡಗೈಯಲ್ಲೇ ಕಲೆಸುತ್ತಿದ್ದಳು. ಎಲೆಗಳನ್ನು ಮೇಜಿನ ಮೇಲೆ ಹರವಿ, ಹಿಟ್ಟು ಕಲೆಸುವ ಹಾಗೆ ಅಂಗೈಯಲ್ಲಿ ತಿರುವಿ, ಮತ್ತೆ ಒಟ್ಟು ಮಾಡುತ್ತಿದ್ದಳು. “ಕೂತ್ಕೋ. ಪೋಕರಲ್ಲಿ ಡಿಪೋನೇ ನಡುಗಿಸಿದೋಳು ನಾನು. ನಿಂಗೆ ಕಲಿಸ್ತೀನಿ.”

“ನಂಗೆ ಕತ್ತೆ-ಕುದುರೆ ಆಟಾನೂ ಸರಿಯಾಗಿ ಬರಲ್ಲ ಅತ್ತೆ.”

“ಒಳ್ಳೇದೇ ಆಯ್ತು. ಕೆಟ್ಟ ಚಾಳಿ ಬಿಡಿಸೋ ಕೆಲಸ ತಪ್ತು.”

ಪ್ರತಿ ಸಂಜೆ ಚಹಾ ಆದಮೇಲೆ ಪಾಠ. ಟೋಕನ್ನಿನ ಬದಲು ಹಳೇ ಅಂಗಿಗಳಿಂದ ಕತ್ತರಿಸಿಟ್ಟ ಬಟನ್ನುಗಳು. ಮೊದಲ ವಾರ ಅತ್ತೆ ಅವಳಿಗೆ ಆಡಲೇ ಬಿಡಲಿಲ್ಲ. ಗುಲಾಮ-ಒಂಬತ್ತು ಬಂದರೆ ಸೊಸೆಯ ಮುಖ ಅರಳುತ್ತಿತ್ತು. ಅತ್ತೆ, “ಬಿಸಾಕು” ಅನ್ನುತ್ತಿದ್ದಳು. ಎಕ್ಕದ ಜೊತೆ ಐದು ಬಂದರೂ ಬಿಸಾಕು.

“ಎಕ್ಕ ಅತ್ತೆ ಇದು!”

“ಕಣ್ಣಿದೆ ನಂಗೆ. ಸೈಲೆನ್ಸರ್ ಕೂತಿರೋ ಕುರ್ಚೀಲಿ ಇದು ಒಳ್ಳೇ ಎಲೆ. ನಿನ್ನ ಕುರ್ಚೀಲಿ ಕಸ. ಅವನು ಎಲ್ಲರ ಮಾತೂ ಕೇಳಿ ಹೆಜ್ಜೆ ಇಡ್ತಾನೆ. ನೀನು ತಿರುವಿನಾಚೆ ಏನಿದೆ ಅಂತ ಕಾಣದೆ ಗಾಡಿ ನುಗ್ಗಿಸ್ಬೇಕು. ಕಾಣದ ತಿರುವಿಗೆ ಯಾವ ಗೇರಲ್ಲಿ ಹೋಗ್ತೀಯ?”

“ಎರಡನೇದು.”

“ಹಾಂ. ಎಲೆಗೂ ಅದೇ ಗೇರು. ಮೊದಲು ಮಾತಾಡೋಳು ಕಡಿಮೆ ಮಾತಾಡ್ಬೇಕು.”

ಟೋಕನ್ ಹಾಕದೆ ಸರದಿಯನ್ನು ಮುಂದಿನವರಿಗೆ ಬಿಡುವುದಕ್ಕೆ ಹೊರಗಿನವರು ಚೆಕ್ ಅನ್ನುತ್ತಾರೆ. ಡಿಪೋದಲ್ಲಿ, ಕಂಡಕ್ಟರ್ ಬಸ್ಸು ಬಿಡಿಸುವ ಹಾಗೆ, ‘ರೈಟ್’ ಅನ್ನುತ್ತಿದ್ದರು. ಎಲೆ ಕೆಳಗಿಟ್ಟು ಆ ಆಟ ಬಿಟ್ಟುಕೊಡುವುದಕ್ಕೆ ‘ಪ್ಯಾಕ್’. ಎರಡನೇ ವಾರ ಅತ್ತೆ ‘ರೈಟ್’ ಅನ್ನುವುದನ್ನು ಕಲಿಸಿದಳು. ಅದನ್ನೇನು ಕಲಿಯುವುದು ಅಂದುಕೊಂಡಳು ಸೊಸೆ. ಆದರೆ ಕಲಿಯುವುದಿತ್ತು ನೋಡಿ. ಎಲೆ ಕೆಟ್ಟದಾಗಿದ್ದಾಗ ಮಾತ್ರ ರೈಟ್ ಅಂದರೆ ನಾಲ್ಕೇ ಆಟದಲ್ಲಿ ಗಂಡಸರಿಗೆ ಗೊತ್ತಾಗಿಬಿಡುತ್ತೆ, ಈ ಹೆಂಗಸು ರೈಟ್ ಅಂದಳೆಂದರೆ ಕೈ ಖಾಲಿ ಅಂತ. ಅದಕ್ಕೇ ಎಲೆ ಅದ್ಭುತವಾಗಿದ್ದಾಗಲೂ ರೈಟ್, ಸಾಧಾರಣವಾಗಿದ್ದಾಗಲೂ ರೈಟ್, ಅದೇ ದನಿ, ಅದೇ ಮುಖ. ಸಾಧಾರಣ ಎಲೆಗೆ ನಡುವಿನ ರಾಶಿಯನ್ನು ಚಿಕ್ಕದಾಗೇ ಇಡಬೇಕು, ಅವರು ಹಾಕಿದಷ್ಟೇ ಹಾಕಿ ಬಾಯಿ ಮುಚ್ಚಿಕೊಂಡು ಹಿಂದೆ ಹೋಗಬೇಕು. ದಿನಕ್ಕೊಂದು ಸಲ, ಒಂದೇ ಸಲ, ರೈಟ್ ಅಂದು ಅವರು ಪಂದ್ಯ ಕಟ್ಟಿದ ಮೇಲೆ ಮೂರು ಪಟ್ಟು ಏರಿಸಿ ತಲೆಗೆ ಹೊಡೆದ ಹಾಗೆ ಮಾಡಬೇಕು.

“ಸುಮ್ಮನಿರೋ ನಾಯಿ ಒಂದು ಸಲ ಕಚ್ಚಿದ್ರೆ ಸಾಕು,” ಅಂದಳು ಅತ್ತೆ. “ಆಮೇಲೆ ಅದು ಮಲಗಿದ್ರೂ ಜನ ಸುತ್ತಿ ಹಾಕ್ಕೊಂಡು ಹೋಗ್ತಾರೆ.”

ಎರಡು ತಿಂಗಳಲ್ಲಿ ಸೊಸೆ ಒಂದು ಆಟವನ್ನೂ ಅತ್ತೆಯೆದುರು ಗೆಲ್ಲಲಿಲ್ಲ. ಎಡಗೈಯೊಂದರಲ್ಲೇ, ಎಲೆಗಳನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿಕೊಂಡು, ಅತ್ತೆ ಅವಳ ಬಟನ್ನುಗಳನ್ನೆಲ್ಲ ಬಳಿದುಕೊಳ್ಳುತ್ತಿದ್ದಳು. ಸೊಸೆಗೆ ಸಿಟ್ಟು ಬರಬೇಕಿತ್ತು. ಬಂದದ್ದು ಹೆಮ್ಮೆ. ಎಂಥಾ ತಲೆ ಈ ಹೆಂಗಸಿಂದು, ನಾನು ಮದುವೆಯಾಗಿ ಬಂದ ಮನೇಲಿ ಇಂಥವಳೊಬ್ಬಳು ಆರು ವರ್ಷ ನನ್ನ ಜೊತೆ ತರಕಾರಿ ಹೆಚ್ಚಿಕೊಂಡು ಇದ್ದಳಲ್ಲ ಅಂತ. ‘ಹಾಗಿದ್ರೆ ನಾಲ್ಕನೇ ನಂಬರು ನೀವ್ಯಾಕೆ ತಗೊಳ್ಲಿಲ್ಲ?’ ಅಂತ ಒಂದು ದಿನ ಕೇಳಿದ್ದಳು. “ಸೋಂಬೇರಿಗಳ ರೂಟು ಅದು. ನಂಗೆ ಉದ್ದ ದಾರೀನೇ ಇಷ್ಟ,” ಅಂದಿದ್ದಳು ಅತ್ತೆ. ಸೊಸೆ ನಂಬಿದಳು. ನಾವಾದರೂ ನಂಬುತ್ತಿದ್ದೆವು.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಕ್ಯಾಂಟೀನಿನ ಎರಡು ಮೇಜು ಜೋಡಿಸಿ, ಮೇಲೆ ಬಸ್ಸಿನ ಸೀಟಿನ ಹಸಿರು ರೆಕ್ಸಿನ್ ಹಾಸಿದರು. ಹನ್ನೊಂದು ಜನರಲ್ಲಿ ಮೂವರು ‘ಯಾವ ರೂಟಾದರೇನು’ ಅಂತ ಹೊರಗುಳಿದರು. ಎಂಟು ಜನ ಕೂತರು.

ಸೊಸೆ ಮೊದಲ ಇಪ್ಪತ್ತು ಆಟದಲ್ಲಿ ಹದಿನೇಳು ಪ್ಯಾಕ್ ಮಾಡಿದಳು. ಸೈಲೆನ್ಸರಿಗೆ ಹಬ್ಬ.

“ಏನಮ್ಮಾ ತಾಯಿ, ಗಾಡಿ ಗೇರಿಗೇ ಹಾಕ್ತಿಲ್ಲವಲ್ಲ! ಡೀಸೆಲ್ ಇದ್ಯೋ ಇಲ್ವೋ?”

“ಇದೆ ಅಣ್ಣ. ಉಳಿಸ್ತಿದೀನಿ.”

ಹನ್ನೊಂದು ಗಂಟೆಯ ಹೊತ್ತಿಗೆ ಅವಳಿಗೆ ಜೋಡಿ ಏಳು ಬಂತು. ಮೇಜಿನ ಮೇಲೆ ಬಿಚ್ಚಿದ ಮೂರರಲ್ಲಿ ಇನ್ನೊಂದು ಏಳು. ಮೂರು ಏಳು! ಆದರೂ ಅಡುಗೆಮನೆಯ ದನಿಯಲ್ಲೇ, “ರೈಟ್,” ಅಂದಳು. ಸೈಲೆನ್ಸರಿನ ಬಲಗೈ ಬಂಟ, ಪ್ರಯಾಣಿಕರನ್ನು ಸೀಟಿನಿಂದ ಬೀಳಿಸುವಷ್ಟು ಜೋರಾಗಿ ಬ್ರೇಕ್ ಹಾಕುವ ಒಬ್ಬ ಚಾಲಕ, ಹತ್ತು ಟೋಕನ್ ಹಾಕಿದ. ಸೈಲೆನ್ಸರೂ ಹತ್ತು ಹಾಕಿದ. ಸರದಿ ತಿರುಗಿ ಅವಳ ಹತ್ತಿರ ಬಂತು. ಅವಳು ಮೂವತ್ತು ತಳ್ಳಿದಳು.

ಬ್ರೇಕಿನವನು ಹಟಕ್ಕೆ ಬಿದ್ದು ತನ್ನದೆಲ್ಲವನ್ನೂ ಹಾಕಿದ, ಎಲ್ಲವನ್ನೂ ಕಳೆದುಕೊಂಡ, ಕುರ್ಚಿ ಹಿಂದಕ್ಕೆ ತಳ್ಳಿ ಎದ್ದ. ಸೈಲೆನ್ಸರ್ ಜಾಣ, ಪ್ಯಾಕ್ ಮಾಡಿದ. ಅಲ್ಲಿಂದ ಮುಂದೆ ಅವಳು ರೈಟ್ ಅಂದಾಗಲೆಲ್ಲ ಉಳಿದವರು ಅವಳ ಮುಖ ನೋಡಿ, ತಮ್ಮ ಎಲೆ ನೋಡಿ, ತಾವೂ ರೈಟ್ ಅನ್ನತೊಡಗಿದರು. ಅತ್ತೆ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜವಾಗುತ್ತಿತ್ತು. ಸೊಸೆಗೆ ಅಲ್ಲಿಂದಲೇ ಎದ್ದು ಓಡಿ ಹೋಗಿ ಆ ಮುದುಕಿಯನ್ನು ತಬ್ಬಿಕೊಳ್ಳಬೇಕು ಅನ್ನಿಸಿತು.

ಎರಡೂವರೆಯ ಹೊತ್ತಿಗೆ ಮೇಜಿನಲ್ಲಿ ಉಳಿದವರು ಇಬ್ಬರೇ. ಅವಳ ಮುಂದೆ ಇನ್ನೂರಾ ಹತ್ತು ಟೋಕನ್, ಸೈಲೆನ್ಸರಿನ ಮುಂದೆ ನೂರಾ ತೊಂಬತ್ತು. ಕಂಟ್ರೋಲರ್ ಚಹಾಕ್ಕೆ ಬಿಟ್ಟ.

ಸೈಲೆನ್ಸರ್ ಲೋಟ ಹಿಡಿದುಕೊಂಡು ಅವಳ ಪಕ್ಕ ಬಂದು ನಿಂತ. ಕೆಟ್ಟ ಮನುಷ್ಯನೇನಲ್ಲ, ಹೊಟ್ಟೆಯಲ್ಲಿದ್ದದ್ದು ಬಾಯಲ್ಲಿ ನಿಲ್ಲುತ್ತಿರಲಿಲ್ಲ, ಅಷ್ಟೆ.

“ಅತ್ತೆ ಚೆನ್ನಾಗಿ ತಯಾರು ಮಾಡಿದಾರಮ್ಮ ನಿನ್ನ. ಅವರದ್ದೇ ಆಟ, ಥೇಟ್! ಇಲ್ಲೀವರೆಗೆ ಅವರೂ ಹೀಗೇ ಬರ್ತಿದ್ರು. ಹನ್ನೊಂದು ಸಲ ಬಂದು ನನ್ನೆದುರು ಕೂತ್ರು, ಕೊನೇ ಇಬ್ಬರಲ್ಲಿ ಒಬ್ಬರಾಗಿ.”

“ಎಷ್ಟು ಸಲ ಗೆದ್ರು?”

“ಗೆದ್ರಾ?” ಅವನು ನಕ್ಕ. “ಒಂದು ಸಲಾನೂ ಇಲ್ಲ. ಕೊನೇ ಎಲೆ ಬಿಚ್ಚಿದ ತಕ್ಷಣ ನಾನು ಇದ್ದಿದ್ದನ್ನೆಲ್ಲ ಒಳಗೆ ತಳ್ಳಿಬಿಡ್ತಿದ್ದೆ. ಅವರು ಐದು ನಿಮಿಷ ನನ್ನನ್ನೇ ನೋಡ್ತಿದ್ರು. ಆಮೇಲೆ ಪ್ಯಾಕ್. ಹನ್ನೊಂದಕ್ಕೆ ಹನ್ನೊಂದು ಸಲವೂ.”

ಸೊಸೆ ಲೋಟ ಕೆಳಗಿಟ್ಟಳು. ಡಿಪೋ ನಡುಗಿಸಿದವಳು! ಉದ್ದ ದಾರಿ ಇಷ್ಟವಂತೆ! ಎಟುಕದ ದ್ರಾಕ್ಷಿ ಹುಳಿ ಅಂದಳಲ್ಲ ಮುದುಕಿ, ನಾನು ಪೆದ್ದಿ ನಂಬಿದೆನಲ್ಲ! ಆ ಕೈ ಬರುವುದೋ ಬಾರದೋ ಅನ್ನುವುದನ್ನು, ಒಮ್ಮೆಯೂ ಗೆಲ್ಲದವಳ ಪಾಠದ ಮೇಲೆ ಪಣಕ್ಕಿಟ್ಟು ಕೂತಿದೀನಲ್ಲ ಅಂತ ಅವಳಿಗೆ ಅಳು ಬರುವ ಹಾಗಾಯಿತು. ಬಸ್ಸು ತೊಳೆಯುವ ಜಾಗಕ್ಕೆ ಹೋಗಿ, ಒದ್ದೆ ನೆಲದ ಮೇಲೆ ನಿಂತು ಮನೆಗೆ ಫೋನು ಮಾಡಿದಳು.

“ಅತ್ತೆ, ನೀವು ಒಂದು ಸಲಾನೂ ಗೆದ್ದಿಲ್ಲವಂತೆ?”

“ಸೈಲೆನ್ಸರ್ ಹೇಳಿದ್ನಾ?”

“ನಿಜಾನಾ ಅತ್ತೆ?”

“ನಿಜ ಕಣೇ.” ದನಿ ಸಣ್ಣಗಾಗಿತ್ತು. “ಗೆದ್ದಿಲ್ಲ. ಹೇಳಿದ್ರೆ ನೀನು ಕಲೀತಿರ್ಲಿಲ್ಲ, ಅದಕ್ಕೆ ಹೇಳ್ಲಿಲ್ಲ. ನಾಚಿಕೇನೂ ಆಯ್ತು. ಆದ್ರೆ ಕಲಿಸಿದ್ದರಲ್ಲಿ ಒಂದೂ ಸುಳ್ಳಿಲ್ಲ. ಇಪ್ಪತ್ತಾರು ವರ್ಷ ಆ ದಾರೀಲಿ ಓಡಾಡಿದೀನಿ. ಎಲ್ಲೆಲ್ಲಿ ಹಳ್ಳ ಇದೆ ಅಂತ ಬಿದ್ದೋರಿಗೇ ತಾನೇ ಗೊತ್ತಿರೋದು?”

“ಕೊನೇ ಎಲೆಗೆ ಅವನು ಎಲ್ಲಾ ತಳ್ಳಿದ್ರೆ ನಾನೇನು ಮಾಡ್ಲಿ?”

“ಅದು ನಂಗೊತ್ತಿಲ್ಲ,” ಅಂದಳು ಅತ್ತೆ. “ನಂಗೆ ದಾರಿ ಗೊತ್ತಿರೋದು ಅಲ್ಲೀವರೆಗೆ. ಪ್ರತಿ ಸಲಾನೂ ಇವನ ಕೈಲಿ ಏನೂ ಇಲ್ಲ ಅನ್ಸೋದು. ಅನ್ಸಿದ್ದು ಸರೀನೋ ತಪ್ಪೋ, ನೋಡೋ ಧೈರ್ಯ ಬರ್ಲಿಲ್ಲ. ಅಲ್ಲಿಂದಾಚೆ ನೀನೇ ಓಡಿಸ್ಬೇಕು. ಮತ್ತೆ ನನ್ನ ಕೈ ಬಗ್ಗೆ ಯೋಚನೆ ಮಾಡ್ಬೇಡ. ಇನ್ನೊಂದು ಕೈ ಇದ್ದೇ ಇದೆಯಲ್ಲ.”

ಹೀಗೆ ಅಂದವಳೇ ಫೋನು ಇಟ್ಟುಬಿಟ್ಟಳು. ಸೊಸೆಗೆ ಸುಳ್ಳು ಹೇಳಿದಳೆಂಬ ಸಿಟ್ಟು ಹುಡುಕಿದರೂ ಸಿಗಲಿಲ್ಲ. ಹನ್ನೊಂದು ಸಲ ಸೋತು, ಹನ್ನೆರಡನೇ ಸಲವೂ ಹೋಗಿ ಅದೇ ಮೇಜಿಗೆ ಕೂರುವುದು, ಆಮೇಲೆ ತನ್ನ ಸೋಲನ್ನೆಲ್ಲ ಸೋಸಿ ಒಳ್ಳೆಯದನ್ನಷ್ಟೇ ಇನ್ನೊಬ್ಬಳಿಗೆ ಬಡಿಸುವುದು, ಇದನ್ನು ಮಾಡಲು ಎಷ್ಟು ದೊಡ್ಡ ಎದೆ ಬೇಕು! ತನ್ನ ತಾಯಿಯ ಬಗ್ಗೆಯೂ ಅವಳಿಗೆ ಇಷ್ಟು ಗೌರವ ಮೂಡಿದ್ದಿಲ್ಲ. ಮುಖಕ್ಕೆ ಪೈಪಿನ ನೀರು ಹಾಕಿಕೊಂಡು ಒಳಗೆ ಹೋದಳು.

ಇಬ್ಬರೇ ಆದಮೇಲೆ ಪ್ರತಿ ಆಟಕ್ಕೂ ಮೊದಲೇ ಹತ್ತು ಹತ್ತು ಟೋಕನ್ ಒಳಗೆ ಹಾಕಬೇಕು. ಆಟ ಎಳೆದಾಡಿತು, ಇವಳ ಹತ್ತು ಅವನಿಗೆ, ಅವನ ಹತ್ತು ಇವಳಿಗೆ. ಮೂರೂವರೆಗೆ, ಟೋಕನ್ನುಗಳು ಮತ್ತೆ ಮೊದಲಿದ್ದಷ್ಟೇ ಆಗಿದ್ದಾಗ, ಅವಳಿಗೆ ರಾಣಿ ಮತ್ತು ಗುಲಾಮ ಬಂದವು.

ಕಂಟ್ರೋಲರ್ ಮೂರು ಎಲೆ ಬಿಚ್ಚಿದ. ರಾಣಿ, ಏಳು, ನಾಲ್ಕು. ಅವಳ ಹತ್ತಿರ ಈಗ ಜೋಡಿ ರಾಣಿ. ಒಳ್ಳೆಯದು, ಆದರೆ ಎಲ್ಲವನ್ನೂ ಪಣಕ್ಕಿಡುವಷ್ಟು ಒಳ್ಳೆಯದಲ್ಲ.

“ರೈಟ್.”

ಸೈಲೆನ್ಸರ್ ಹದಿನೈದು ಹಾಕಿದ. ಅವಳು ಏರಿಸಲಿಲ್ಲ, ಬಿಡಲೂ ಇಲ್ಲ, ಹದಿನೈದು ಹಾಕಿದಳು. ನಾಲ್ಕನೇ ಎಲೆ, ಎರಡು. ಯಾರಿಗೂ ಉಪಯೋಗವಿಲ್ಲದ ಎಲೆ.

“ರೈಟ್.”

ಅವನು ಮೂವತ್ತು. ಅವಳೂ ಮೂವತ್ತು.

ಕೊನೆಯ ಎಲೆ ಬಿಚ್ಚಿದಾಗ ಬಂದದ್ದು ರಾಜ. ರಾಣಿಯ ತಲೆ ಮೇಲೆ ಬಂದು ಕೂತ ರಾಜ. ಈಗ ಸೈಲೆನ್ಸರಿನ ಕೈಯಲ್ಲಿ ಒಂದು ರಾಜ ಇದ್ದರೂ ಅವಳ ಕಥೆ ಮುಗಿಯಿತು. ಮತ್ತೆ ಮೊದಲು ಮಾತಾಡಬೇಕಾದವಳು ಅವಳೇ.

“ರೈಟ್,” ಅಂದಳು.

ಸೈಲೆನ್ಸರ್ ಎರಡೂ ಕೈಯಲ್ಲಿ ತನ್ನ ಅಷ್ಟೂ ಟೋಕನ್ನುಗಳನ್ನು ರೆಕ್ಸಿನ್ನಿನ ಮೇಲೆ ಜರ್ರನೆ ತಳ್ಳಿದ. “ನೂರಾ ಮೂವತ್ತೈದು. ಎಲ್ಲಾ.”

ಕಿಟಕಿಯ ಹೊರಗೆ ನಿಂತಿದ್ದವರೂ ಒಳಗೆ ಬಂದರು. ಅವಳ ಮುಂದೆ ನೂರೈವತ್ತೈದು ಉಳಿದಿತ್ತು. ಹಾಕಿ ಸೋತರೆ ಮಿಕ್ಕುವುದು ಇಪ್ಪತ್ತು; ಅದು ಎರಡು ಆಟದ ಆಯುಸ್ಸು. ಪ್ಯಾಕ್ ಮಾಡಿದರೆ ಇನ್ನೂ ಆಟದಲ್ಲಿರಬಹುದು, ಇನ್ನೊಂದು ಒಳ್ಳೇ ಎಲೆಗೆ ಕಾಯಬಹುದು. ಬುದ್ಧಿವಂತರು ಹಾಗೇ ಮಾಡುತ್ತಾರೆ. ಅತ್ತೆ ಹನ್ನೊಂದು ವರ್ಷವೂ ಹಾಗೇ ಮಾಡಿದ್ದಳು.

ಸೊಸೆ ಕಣ್ಣು ಮುಚ್ಚಿ ಆ ಆಟವನ್ನು ಮೊದಲಿಂದ ಓಡಿಸಿಕೊಂಡು ಬಂದಳು. ಬಸ್ಸಿನಲ್ಲಿ ಒಬ್ಬ ಟಿಕೆಟ್ ಇಲ್ಲದೆ ಕೂತಿದ್ದರೆ ಅವನನ್ನು ಏನು ಕೇಳುತ್ತೇವೆ? ಎಲ್ಲಿ ಹತ್ತಿದೆ ಅಂತ. ಈ ರಾಜ ಎಲ್ಲಿ ಹತ್ತಿದ? ಮೊದಲ ಮೂರು ಎಲೆಗೇ ಸೈಲೆನ್ಸರ್ ಹದಿನೈದು ಹಾಕಿದ್ದ. ಆಗ ಮೇಜಿನ ಮೇಲೆ ರಾಜ ಇರಲಿಲ್ಲ. ಎರಡು ಬಂದಾಗ ಮೂವತ್ತು ಹಾಕಿದ. ಆಗಲೂ ರಾಜ ಇಲ್ಲ. ಹಾಗಾದರೆ ಅಲ್ಲಿಯವರೆಗೆ ಯಾವುದರ ಬಲದ ಮೇಲೆ ಹಾಕುತ್ತಿದ್ದ? ರಾಣಿ ಇದ್ದಿದ್ದರೆ ಈ ರಾಜನನ್ನು ಕಂಡು ಅವನೂ ಹೆದರಬೇಕಿತ್ತು, ಸುಮ್ಮನೆ ಎಲೆ ತೋರಿಸಬೇಕಿತ್ತು. ಏನೂ ಇಲ್ಲದವನು ಮಾತ್ರ ಇಷ್ಟು ಗಲಾಟೆ ಮಾಡುತ್ತಾನೆ. ರಾಜನೇ ಇರಲಾರನೆಂದು ಹೇಳಲು ಬರುವುದಿಲ್ಲ. ಕುರುಡು ಅದೃಷ್ಟಕ್ಕೆ ಯಾವ ಸ್ಟಾಪೂ ಬೇಕಿಲ್ಲ. ಆದರೆ ಹನ್ನೊಂದು ವರ್ಷ, ಹನ್ನೊಂದು ಸಲವೂ, ಕೊನೆಯ ಎಲೆಗೇ ಒಳ್ಳೇದು ಬರಲು ಇವನೇನು ದೇವರ ಅಳಿಯನಾ?

ಅವಳು ಕಣ್ಣು ತೆರೆದು ಅವನ ಮುಖ ನೋಡಲಿಲ್ಲ. ನೋಡಿದರೆ ಅತ್ತೆಯ ಹಾಗೆ ಐದು ನಿಮಿಷ ನೋಡುತ್ತಾ ಕೂರುತ್ತೇನೆ ಅಂತ ಗೊತ್ತಿತ್ತು. ನೂರಾ ಮೂವತ್ತೈದನ್ನು ಎಣಿಸಿ ಮುಂದಕ್ಕೆ ಸರಿಸಿದಳು.

“ತೋರ್ಸಿ ಅಣ್ಣ.”

ಸೈಲೆನ್ಸರ್ ಎಲೆ ಬಿಚ್ಚಲಿಲ್ಲ. ಮೊದಲ ಸಲ ಅವನ ಬಾಯಿ ಕಟ್ಟಿತ್ತು. ಕಂಟ್ರೋಲರ್ ಕೈ ಚಾಚಿ ತಾನೇ ಬಿಚ್ಚಿದ. ಎಂಟು, ಒಂಬತ್ತು. ಜೋಡಿಯಿಲ್ಲ, ಏನಿಲ್ಲ, ಬರೀ ಗಾಳಿ.

ಕ್ಯಾಂಟೀನಿನಲ್ಲಿ ಯಾರೋ ಶಿಳ್ಳೆ ಹೊಡೆದರು. ಕಂಟ್ರೋಲರ್ ರೂಟಿನ ಹಲಗೆ ಮುಂದೆ ಹಿಡಿದ. ಅವಳು, “ನಾಲ್ಕು,” ಅಂದಳು. ಸೈಲೆನ್ಸರ್ ತನ್ನ ಎಂಟು-ಒಂಬತ್ತನ್ನು ಮಗುಚಿಟ್ಟು, ಎದ್ದು ಬಂದು ಅವಳಿಗೆ ಕೈ ಮುಗಿದ. “ತಾಯಿ, ಆ ಕುರ್ಚೀಲಿ ಕೂತು ಯಾರೂ ಗೆದ್ದಿರ್ಲಿಲ್ಲ. ನಾನಾಗಿದ್ರೆ ಮಧ್ಯಾಹ್ನದೊಳಗೆ ಮನೆಗೆ ಹೋಗ್ತಿದ್ದೆ,” ಅಂದ. ಆ ಮಾತು ಮಾತ್ರ ಮೆತ್ತಗೆ ಬಂತು.

ಮನೆಗೆ ಬರುವಾಗ ಮೂರು ಮಹಡಿಯನ್ನೂ ಓಡಿಕೊಂಡೇ ಹತ್ತಿದಳು. ಅತ್ತೆ ಬಾಗಿಲ ಚಿಲಕ ತೆಗೆದು ಕೂತಿದ್ದಳು. ಮುಖ ನೋಡಿದ ತಕ್ಷಣ ಗೊತ್ತಾಯಿತು ಅವಳಿಗೆ. ಎಡಗೈಯಲ್ಲಿ ಸೊಸೆಯ ಕೆನ್ನೆ ಹಿಡಿದು ತಲೆ ಅಲ್ಲಾಡಿಸಿದಳು.

ಆಮೇಲೆ, “ಕೊನೇ ಆಟ ಹೇಳು. ಒಂದೆಲೆಯನ್ನೂ ಬಿಡ್ದೆ ಹೇಳು,” ಅಂದಳು.

ಸೊಸೆ ಹೇಳಿದಳು. ರಾಣಿ, ಏಳು, ನಾಲ್ಕು. ರೈಟ್, ಹದಿನೈದು. ಎರಡು. ರೈಟ್, ಮೂವತ್ತು. ರಾಜ. ಎಲ್ಲಾ ಒಳಗೆ. ಅತ್ತೆಯ ಕಣ್ಣು ಅರ್ಧ ಮುಚ್ಚಿತ್ತು. ಆ ಮೇಜಿನೆದುರೇ ಕೂತ ಹಾಗೆ ಉಸಿರು ಬಿಗಿಹಿಡಿದಿದ್ದಳು.

“ನೀನು ಹಾಕಿದೆ.”

“ಹಾಕಿದೆ.”

“ಅವನ ಕೈಲಿ ಏನಿತ್ತು?”

ಗೆಲುವಿನ ಭರದಲ್ಲಿ ಇದನ್ನು ಸೊಸೆ ಯೋಚಿಸಿರಲೇ ಇಲ್ಲ. ಇಲ್ಲಿ ಕೂತಿರುವವಳು ಹನ್ನೊಂದು ಸಲ ಎಲೆ ಕೆಳಗಿಟ್ಟವಳು. ಅವಳ ಹನ್ನೊಂದು ವರ್ಷದ ಮಧ್ಯಾಹ್ನಗಳು ಆ ಎಲೆಗಳ ಜೊತೆ ಹೋಗಿದ್ದವು. ಶಾಲೆಯಿಂದ ಬಂದು ಬೀಗ ಹಾಕಿದ ಬಾಗಿಲ ಮುಂದೆ ಕೂರುತ್ತಿದ್ದೆ ಅಂತ ಗಂಡ ಒಮ್ಮೆ ಹೇಳಿದ್ದು ನೆನಪಾಯಿತು. ಸೈಲೆನ್ಸರಿನ ಕೈಯಲ್ಲಿ ಒಂದು ಏಳು ಇತ್ತು, ನನಗೆ ರಾಣಿ ಇತ್ತು, ಅದೃಷ್ಟ ಅಂತ ಹೇಳಿಬಿಟ್ಟರೆ? ಒಂದು ಸಣ್ಣ ಸುಳ್ಳು. ಆದರೆ ಈ ಹೆಂಗಸಿಗೆ ಸುಳ್ಳು ಹೇಳುವುದು ಅಂದರೆ ಅವಳ ಪಾಠಕ್ಕೇ ಮಣ್ಣು ಹಾಕಿದ ಹಾಗೆ. ಜೊತೆಗೆ ಸಿಕ್ಕಿಯೂ ಬೀಳುತ್ತಿದ್ದಳು.

“ಎಂಟು, ಒಂಬತ್ತು,” ಅಂದಳು ಮೆಲ್ಲಗೆ. “ಏನೂ ಇರ್ಲಿಲ್ಲ ಅತ್ತೆ.”

ಅತ್ತೆಯ ತುಟಿ ಅಲ್ಲಾಡುತ್ತಿತ್ತು, ಹಳೆಯ ವರ್ಷಗಳನ್ನು ಒಂದೊಂದಾಗಿ ಬಿಚ್ಚಿ ನೋಡುತ್ತಿದ್ದಳು ಅಂತ ಕಾಣುತ್ತದೆ. ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. ಹೇಳಬಾರದಿತ್ತು ಅನ್ನಿಸಿತು ಸೊಸೆಗೆ.

“ಹಾಗಾದ್ರೆ ನಂಗೆ ಅನ್ಸಿದ್ದು ಸರೀನೇ ಇತ್ತು,” ಅಂದಳು ಅತ್ತೆ.

“ಅತ್ತೆ…”

“ಅಲ್ವೇನೇ, ಸರೀನೇ ಇತ್ತು!” ಅಳುತ್ತಲೇ ನಗಲು ಶುರು ಮಾಡಿದಳು, ನಗುತ್ತಾ ಎಡಗೈಯಲ್ಲಿ ತೊಡೆ ಬಡಿದುಕೊಂಡಳು. “ಇಷ್ಟು ವರ್ಷ ನಾನು ದಡ್ಡಿ, ನಂಗೆ ಜನ ಓದೋಕೆ ಬರಲ್ಲ ಅಂದ್ಕೊಂಡಿದ್ದೆ. ದಡ್ಡಿ ಅಲ್ಲ ಕಣೇ ನಾನು! ಹೆದರಿದ್ದೆ. ಬರೀ ಹೆದರಿದ್ದೆ. ದಡ್ಡತನಕ್ಕೆ ಮದ್ದಿಲ್ಲ. ಹೆದರಿಕೆಗಿದೆಯಲ್ಲ, ನೋಡು, ನಿನಗೆ ವಾಸಿಯಾಯ್ತು.”

ಸೊಸೆ ಅವಳ ಮಡಿಲಲ್ಲಿ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಗೆದ್ದವಳು ಅತ್ತದ್ದೇ ಹೆಚ್ಚು. ಅತ್ತೆ ಅವಳ ಬೆನ್ನು ಸವರುತ್ತಾ, ಸೈಲೆನ್ಸರಿನ ಮುಖ ಹೇಗಾಯ್ತು, ಬ್ರೇಕಿನವನು ಏನಂದ, ಕಂಟ್ರೋಲರ್ ನಕ್ಕನೋ ಇಲ್ಲವೋ ಅಂತ ಒಂದೊಂದಾಗಿ ಕೇಳಿಸಿಕೊಂಡಳು. ಕೇಳಿದ್ದನ್ನೇ ಎರಡೆರಡು ಸಲ ಕೇಳಿದಳು.

“ಹೊಸ ರೂಟು ಯಾವತ್ತಿಂದ?” ಅಂದಳು ಕೊನೆಗೆ.

“ಒಂದನೇ ತಾರೀಕಿಂದ. ಗುರುವಾರ.”

“ಆ ಡಾಕ್ಟರಮ್ಮ ಬಾಗಿಲು ತೆಗೆಯೋದು ಎರಡಕ್ಕಲ್ವಾ? ಎರಡಕ್ಕೆ ಹತ್ತು ನಿಮಿಷ ಮುಂಚೆ ಅಲ್ಲಿರ್ಬೇಕು ನಾವು. ನನ್ನನ್ನೇ ಮೊದಲು ಒಳಗೆ ಕರೀಬೇಕು.” ಆಮೇಲೆ ಮಡಿಲಲ್ಲಿದ್ದ ಬಲಗೈಯನ್ನು ನೋಡಿ, ಎಂಟು ತಿಂಗಳಲ್ಲಿ ಮೊದಲ ಸಲ ಅದಕ್ಕೆ ಬೈದಳು: “ಸಾಕು ಮಲಗಿದ್ದು. ಗುರುವಾರದಿಂದ ಕೆಲಸ ಇದೆ.”